ಮಕ್ಕಳಿಗೆ ಲಾಗ ಕಲಿಸುವ ವಿಷಯ

ಪಾಠ: ಧರ್ಮೋಪದೇಶಕಾಂಡ ೨೨:೮, ೨ ಸಮುವೇಲ ೪:೪

ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ಅಡ್ಡಗೋಡೆಯನ್ನು ಕಟ್ಟಬೇಕೆಂದೂ, ಕಟ್ಟದೆ ಒಬ್ಬನು ಬಿದ್ದರೆ ಆ ರಕ್ತಾಪರಾಧವು ಅವನ ಮನೆಯ ಮೇಲೆ ಬರುವದೆಂದೂ ಮೋಶೆಯ ಧರ್ಮಶಾಸ್ತ್ರದಲ್ಲಿ ಓದುತ್ತೇವೆ. ಮಾಳಿಗೆಯನ್ನು ಹತ್ತಲೇಬಾರದೆಂಬ ಆಜ್ಞೆ ಅಲ್ಲಿ ಇಲ್ಲ. ಹತ್ತುವವರು ಹತ್ತಿಯೇ ಹತ್ತುವರೆಂದು ತಿಳಿದು ಮೊದಲೇ ಗೋಡೆಯನ್ನು ಕಟ್ಟುವದು ಯಜಮಾನನ ಕೆಲಸ. ಪುತ್ತೂರು, ಸುಳ್ಯ, ಕಡಬ ಸೀಮೆಯ ಚಿಕ್ಕ ಶಾಲೆಗಳಲ್ಲಿಯೂ ಭಾನುವಾರದ ಶಾಲೆಗಳಲ್ಲಿಯೂ ಎಳೆಯರಿಗೆ ಅಂಗಸಾಧನೆ ಕಲಿಸುವವರು ಈ ವಚನವನ್ನು ಮೊದಲು ಓದಿಕೊಳ್ಳುವದು ಒಳ್ಳೇದು.

ಯಾಕಂದರೆ ನಾವು ಕಲಿಸಿದರೂ ಕಲಿಸದಿದ್ದರೂ ಮಕ್ಕಳು ಲಾಗ ಹಾಕುತ್ತಾರೆ. ಊರಲ್ಲಿ ತೆಂಕುತಿಟ್ಟಿನ ಯಕ್ಷಗಾನವಾದ ಮರುದಿನ ಬೆಳಿಗ್ಗೆ ನೋಡಿರಿ, ಹುಡುಗರು ಗದ್ದೆಯ ಬದಿಯಲ್ಲಿ ಧೀಂಗಿಣ ಹಾರಲು ತೊಡಗಿರುತ್ತಾರೆ. ಸಭೆಯವರು ಆಟಕ್ಕೆ ಹೋಗಬಹುದೋ ಹೋಗಬಾರದೋ ಎಂಬ ಚರ್ಚೆ ಈ ಪಾಠದ್ದಲ್ಲ. ಆ ವೇಷಧಾರಿಯು ವರುಷಗಟ್ಟಲೆ ಹೆಜ್ಜೆ ಕಲಿತವನೆಂಬದು ಹುಡುಗನ ಕಣ್ಣಿಗೆ ಬೀಳುವದಿಲ್ಲ. ಹಾರಿದ್ದು ಮಾತ್ರ ಬೀಳುತ್ತದೆ. ಮೊಬೈಲಿನಲ್ಲಿ ನೋಡುವ ಕಸರತ್ತಿನ ವಿಷಯವೂ ಹಾಗೆಯೇ.

ಇಂಥಾ ಅಭ್ಯಾಸವು ಕ್ರೈಸ್ತರಿಗೆ ಹೊಸದೂ ಅಲ್ಲ. ಶಾರೀರಿಕ ಶಿಕ್ಷಣದ ಅಧ್ಯಾಪಕರನ್ನು ತಯಾರಿಸುವದಕ್ಕಾಗಿ ೧೯೨೦ರಲ್ಲಿಯೇ ವೈ.ಎಂ.ಸಿ.ಎ.ಯ ಹ್ಯಾರಿ ಕ್ರೋ ಬಕ್ ಎಂಬವರು ಮದ್ರಾಸಿನಲ್ಲಿ ಶಾಲೆಯನ್ನು ತೆರೆದರು. ಅದು ಕಾಲೇಜಾಗಿ ಇಂದಿಗೂ ನಡೆಯುತ್ತದೆ. ದೇಹಾಭ್ಯಾಸದ ಪ್ರಯೋಜನವು ಅಲ್ಪವೆಂದು ಪೌಲನು ತಿಮೊಥೆಯನಿಗೆ ಬರೆದನು. ಅಲ್ಪವೆಂದನೇ ಹೊರತು ಇಲ್ಲವೆನ್ನಲಿಲ್ಲ.

ಮೊದಲು ನೆಲವನ್ನು ನೋಡಬೇಕು. ಮುರಕಲ್ಲಿನ ಗುಡ್ಡವನ್ನು ಕಡಿದು ಸಮಮಾಡಿದ ನಮ್ಮ ಆಟದ ಬೈಲುಗಳು ಬೇಸಗೆಯಲ್ಲಿ ಬಂಡೆಗೆ ಸಮಾನ; ಮಳೆಗಾಲದಲ್ಲಿ ಪಾಚಿಯಿಂದ ಜಾರುತ್ತವೆ. ಆದಕಾರಣ ಗೋಣಿಗಳಲ್ಲಿ ಬೈಹುಲ್ಲನ್ನು ಬಿಗಿಯಾಗಿ ತುಂಬಿಸಿ, ನಡುವೆ ಸಂದು ಬಿಡದಂತೆ ಒಂದಕ್ಕೊಂದು ಹೊಲಿದು, ಮೇಲೆ ದಪ್ಪ ಜಮಖಾನೆಯನ್ನು ಎಳೆದು ಕಟ್ಟಿರಿ. ಕೈಯೂರಿ ಅದುಮಿದರೆ ಕೆಳಗಿನ ನೆಲವು ತಾಗಬಾರದು. ಕೈಯು ಹೂತುಹೋಗುವಷ್ಟು ಮೆತ್ತಗೂ ಇರಬಾರದು. ಗದ್ದೆಗಳು ಅಡಿಕೆ, ರಬ್ಬರು ತೋಟಗಳಾಗಿರುವ ಊರುಗಳಲ್ಲಿ ಹುಲ್ಲು ಸಿಕ್ಕದಿದ್ದರೆ ಹಳೇ ಹತ್ತಿಹಾಸಿಗೆಗಳಾದರೂ ಆದೀತು. ಹಾಸಿನ ಸಮೀಪದಲ್ಲಿ ಗೋಡೆ, ಮೆಟ್ಟಲು, ಬೆಂಚು ಇರಬಾರದು. ಪ್ರತಿದಿನ ಬಿಸಿಲಿಗೆ ಹಾಕಿ ಕೊಡವಿರಿ. ಹುಲ್ಲಿನೊಳಗೆ ಚೇಳು ಸೇರುವದುಂಟು.

ಇನ್ನು ಮಾತಿನ ವಿಷಯ. ಕನ್ನಡದಲ್ಲಿ ಲಾಗವೆಂದರೆ ಉರುಳುವದು. ಮನೆಯಲ್ಲಿ ತುಳು ಆಡುವ ಮಗುವಿಗಾದರೋ ಲಾಗುವದೆಂದರೆ ಹಾರುವದು. ಲಾಗ ಹಾಕೆಂದು ಕೂಗಿದರೆ ಅದು ದೂರದಿಂದ ಓಡಿ ಬಂದು ತಲೆ ಮುಂದಾಗಿ ಹಾರೀತು. ಆದದರಿಂದ “ಉರುಳು” ಎಂದೇ ಹೇಳಿರಿ.

ಕ್ರಮವು ನಿಧಾನವಾಗಿರಲಿ. ಮೊದಲು ಕೊರಡಿನಂತೆ ಅಡ್ಡ ಉರುಳುವದು, ಕಪ್ಪೆಯಂತೆ ಕುಪ್ಪಳಿಸುವದು, ಮೊಣಕಾಲುಗಳನ್ನು ತಬ್ಬಿ ಬೆನ್ನಿನ ಮೇಲೆ ತೊಟ್ಟಿಲಿನಂತೆ ತೂಗುವದು. ಇವು ಸುಲಭವಾದ ಮೇಲೆಯೇ ಮುಂದಕ್ಕೆ ಉರುಳುವದು. ಮಗುವು ಕುಕ್ಕರಗಾಲಲ್ಲಿ ಕೂತು, ಅಂಗೈಗಳನ್ನು ಹೆಗಲಿನಗಲ ಹಾಸಿನ ಮೇಲೆ ಊರಿ, ಗದ್ದವನ್ನು ಎದೆಗೆ ಒತ್ತಿಕೊಂಡು, ಸೊಂಟವನ್ನು ಎತ್ತಲಿ. ಭಾರವು ಕೈಗಳಿಂದ ಹೆಗಲಿನ ಹಿಂಬದಿಗೆ ಹೋಗಬೇಕು. ನಡುನೆತ್ತಿಯ ಮೇಲೆ ಎಂದಿಗೂ ಬೀಳಬಾರದು. ಗದ್ದದ ಕೆಳಗೆ ಒಂದು ಹಲಸಿನ ಎಲೆಯನ್ನು ಇಟ್ಟು, ಉರುಳುವಾಗ ಅದು ಜಾರಬಾರದೆಂದು ಹೇಳಿರಿ. ಸಾವಿರ ಸಾರಿ “ತಲೆ ಬಗ್ಗಿಸು” ಎನ್ನುವದಕ್ಕಿಂತ ಆ ಎಲೆಯು ಹೆಚ್ಚು ಕಲಿಸುತ್ತದೆ. ಉಪಾಧ್ಯಾಯನು ಪಕ್ಕದಲ್ಲಿ ಮೊಣಕಾಲೂರಿ, ಒಂದು ಕೈಯನ್ನು ತಲೆಯ ಹಿಂಬದಿಗೆ, ಇನ್ನೊಂದನ್ನು ತೊಡೆಯ ಕೆಳಗೆ ಕೊಟ್ಟು ನಡಿಸಲಿ, ಕುತ್ತಿಗೆಯನ್ನು ದೂಡಬಾರದು. ಹಾಸಿನ ಮೇಲೆ ಒಂದೇ ಮಗು; ಅದು ಎದ್ದು ಹೋದ ಮೇಲೆ ಇನ್ನೊಂದು. ಬಳೆ, ಜಡೆಯ ಪಿನ್ನು, ಜೇಬಿನ ಪೆನ್ಸಿಲು ಹೊರಗಿರಲಿ, ಕಾಲು ಬರಿದಾಗಿರಲಿ. ಮಧ್ಯಾಹ್ನದ ಊಟವಾದ ಕೂಡಲೆ ಬೇಡ. ಅಪಸ್ಮಾರ, ಹೃದಯದ ರೋಗ ಇದ್ದ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳಿರಿ.

ತಲೆಯ ಮೇಲೆ ನಿಲ್ಲಿಸುವದು, ಮಕ್ಕಳ ಮೇಲೆ ಮಕ್ಕಳನ್ನು ಹತ್ತಿಸಿ ಗೋಪುರ ಮಾಡಿಸುವದು ಪ್ರಾಥಮಿಕ ಶಾಲೆಗೆ ತಕ್ಕದ್ದಲ್ಲವೆಂದೇ ನಾವು ಎಣಿಸುತ್ತೇವೆ. ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಇರುವಾಗ ಗೋಪುರದ ಆಸೆ ಹುಟ್ಟುತ್ತದೆ. ತಂದೆತಾಯಿಗಳು ಚಪ್ಪಾಳೆ ತಟ್ಟುತ್ತಾರೆಂಬದೂ ನಿಜ. ಆಗ ಯೋನಾತಾನನ ಮಗನಾದ ಮೆಫೀಬೋಶೆತನನ್ನು ನೆನಸಿರಿ. ಅವನಿಗೆ ಐದು ವರುಷ. ದಾದಿಯು ಅವನನ್ನು ದ್ವೇಷಿಸಿದವಳಲ್ಲ. ಪ್ರಾಣ ಉಳಿಸುವದಕ್ಕಾಗಿಯೇ ಎತ್ತಿಕೊಂಡು ಓಡಿದಳು. ಓಡುವ ಅವಸರದಲ್ಲಿ ಮಗುವು ಬಿತ್ತು, ಎರಡು ಕಾಲುಗಳೂ ಕುಂಟಾದವು. ದಾವೀದನ ಮೇಜಿನಲ್ಲಿ ಊಟ ಸಿಕ್ಕಿದ ಮೇಲೂ ಆ ಕಾಲುಗಳು ನೆಟ್ಟಗಾಗಲಿಲ್ಲ.

ಇಷ್ಟು ಜಾಗ್ರತೆಯ ಮೇಲೂ ಮಗು ಬಿದ್ದು, ಕುತ್ತಿಗೆ ನೋವೆಂದರೆ, ಕೈಕಾಲು ಜೋಮೆಂದರೆ, ಇಲ್ಲವೆ ಮಾತಾಡದಿದ್ದರೆ, ನಮ್ಮ ಊರ ಪದ್ಧತಿಯಂತೆ ಎತ್ತಿ ಕೂರಿಸಬೇಡಿರಿ. ಎಣ್ಣೆ ತಿಕ್ಕಬೇಡಿರಿ, ನೀರು ಕುಡಿಸಬೇಡಿರಿ. ಉಸಿರಾಟವನ್ನು ನೋಡುತ್ತಾ, ಮಲಗಿದ್ದಲ್ಲಿಯೇ ತಲೆಯನ್ನು ಎರಡು ಕೈಗಳಿಂದ ಅಲುಗದಂತೆ ಹಿಡಿದು, ೧೦೮ಕ್ಕೆ ಕರೆಮಾಡಿಸಿರಿ. ತಲೆಗೆ ಪೆಟ್ಟಾದ ಮಗುವು ಎದ್ದು ಆಡಿದರೂ ಮನೆಯವರಿಗೆ ಆ ದಿನವೇ ತಿಳಿಸಬೇಕು. ಅದು ರಾತ್ರಿಯಲ್ಲಿ ವಾಂತಿಮಾಡಿದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಕೊಂಡುಹೋಗಲಿ.