ಕಿಡಿಯನ್ನು ಮೊದಲು ಆರಿಸೋಣ



ಮನೆಯಲ್ಲಾಗಲಿ, ನೆರೆಹೊರೆಯಲ್ಲಾಗಲಿ ಜಗಳ ಎದ್ದಾಗ ನಾವು ಮೊದಲು ಕೇಳುವ ಪ್ರಶ್ನೆ, "ಮೊದಲು ಕೆಣಕಿದವರು ಯಾರು?" ಉತ್ತರ ಸಿಕ್ಕರೆ ನ್ಯಾಯ ತೀರ್ಮಾನವಾಯಿತೆಂದು ಭಾವಿಸುತ್ತೇವೆ. 19ನೆಯ ಶತಮಾನದ ರಷ್ಯಾದ ಮಹಾ ಕಥೆಗಾರರು ಅಷ್ಟಕ್ಕೇ ನಿಲ್ಲಲಿಲ್ಲ. ಕೆಣಕಿದವನು ಯಾರೇ ಆಗಿರಲಿ, ನೋವುಂಡವನು ಆಮೇಲೆ ಏನು ಮಾಡಿದ ಎಂದು ಕೇಳಿದರು. ಅವರ ಮೂರು ಕಥೆಗಳನ್ನು ಈ ದೃಷ್ಟಿಯಿಂದ ನೋಡೋಣ.

ಒಂದು ಮಾತು

ಮೊದಲನೆಯದು ನಿಕೊಲಾಯ್ ಗೊಗೊಲ್ 1834ರಲ್ಲಿ ಪ್ರಕಟಿಸಿದ ಕಥೆ. ಇಂದಿನ ಉಕ್ರೇನಿನಲ್ಲಿರುವ ಮಿರ್ಗೊರೊದ್ ಪಟ್ಟಣದಲ್ಲಿ ಇವಾನ್ ಇವಾನೊವಿಚ್, ಇವಾನ್ ನಿಕಿಫೊರೊವಿಚ್ ಎಂಬ ಇಬ್ಬರು ಪ್ರಾಣಸ್ನೇಹಿತರು. ಒಬ್ಬನ ಹಳೆಯ ಬಂದೂಕಿನ ಮೇಲೆ ಇನ್ನೊಬ್ಬನಿಗೆ ಆಸೆ. ಬದಲಿಗೆ ಒಂದು ಹಂದಿಯನ್ನೂ ಎರಡು ಮೂಟೆ ಧಾನ್ಯವನ್ನೂ ಕೊಡುತ್ತೇನೆನ್ನುತ್ತಾನೆ. ಮಾತಿಗೆ ಮಾತು ಬೆಳೆದು, ಬಂದೂಕಿನ ಒಡೆಯ ಗೆಳೆಯನನ್ನು ಗಂಡು ಹೆಬ್ಬಾತು ಎಂದು ಜರೆದುಬಿಡುತ್ತಾನೆ. ಅಷ್ಟೇ! ಆ ಒಂದು ಮಾತಿಗಾಗಿ ಕೋರ್ಟು ಕಚೇರಿ ಹತ್ತಿದವರು ಮುದುಕರಾದರೂ ಇಳಿಯಲಿಲ್ಲ. ಕೊನೆಯಲ್ಲಿ ಕಥೆ ಹೇಳುವವನು ಅವರನ್ನು ದೇವಾಲಯದಲ್ಲಿ ಕಾಣುತ್ತಾನೆ. ತಲೆ ನರೆತಿದೆ, ಮುಖ ಬಾಡಿದೆ. ಇನ್ನೇನು ತೀರ್ಪು ತನ್ನ ಕಡೆಗೇ ಬರುತ್ತದೆಂದು ಇಬ್ಬರೂ ನಂಬಿದ್ದಾರೆ. ಓದುವಾಗ ನಗು ಬರುತ್ತದೆ, ಓದಿ ಮುಗಿಸಿದಾಗ ಮನಸ್ಸು ಭಾರವಾಗುತ್ತದೆ.

ಒಂದು ಮೊಟ್ಟೆ

ಎರಡನೆಯದು ಲಿಯೊ ಟಾಲ್‌ಸ್ಟಾಯ್ 1885ರಲ್ಲಿ ಸಾಮಾನ್ಯ ಜನರಿಗಾಗಿ ಬರೆದ ಕಥೆ. ತನಗೆ ತಪ್ಪು ಮಾಡಿದ ಸೋದರನನ್ನು ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರನು ಯೇಸುಸ್ವಾಮಿಯನ್ನು ಕೇಳುವ ಶುಭಸಂದೇಶದ ಭಾಗವನ್ನು (ಮತ್ತಾಯ 18:21-35) ಟಾಲ್‌ಸ್ಟಾಯ್ ಈ ಕಥೆಯ ತಲೆಯ ಮೇಲೇ ಇಟ್ಟಿದ್ದಾರೆ.

ಇವಾನ್ ಮತ್ತು ಗವ್ರೀಲೊ ಅಕ್ಕಪಕ್ಕದ ರೈತರು. ಇವಾನನ ಸೊಸೆ ಪಾಸ್ಕ ಹಬ್ಬಕ್ಕೆಂದು ಮೊಟ್ಟೆ ಕೂಡಿಡುತ್ತಿದ್ದಳು. ಒಂದು ದಿನ ಅವಳ ಕೋಳಿ ಬೇಲಿ ಹಾರಿ ಗವ್ರೀಲೊನ ಹಿತ್ತಲಿಗೆ ಹೋಯಿತು. ಮೊಟ್ಟೆ ಕೇಳಲು ಹೋದವಳಿಗೆ ಆ ಮನೆಯ ಮುದುಕಿಯಿಂದ ಚುಚ್ಚುಮಾತು ಸಿಕ್ಕಿತು. ಹೆಂಗಸರ ಜಗಳಕ್ಕೆ ಗಂಡಸರು ಸೇರಿದರು. ಇವಾನ್ ನೆರೆಯವನ ಗಡ್ಡದ ಒಂದು ಹಿಡಿ ಕೂದಲನ್ನೇ ಕಿತ್ತುಬಿಟ್ಟ. ಗವ್ರೀಲೊ ಆ ಕೂದಲನ್ನು ಕಾಗದದಲ್ಲಿ ಸುತ್ತಿಕೊಂಡು ನ್ಯಾಯಾಲಯಕ್ಕೆ ನಡೆದ. ವರ್ಷಗಟ್ಟಲೆ ದೂರು, ಪ್ರತಿದೂರು. ಮಕ್ಕಳೂ ದೊಡ್ಡವರಿಂದ ಬೈಗುಳ ಕಲಿತರು. ಇವಾನನ ತಂದೆ, ಹಾಸಿಗೆ ಹಿಡಿದ ಮುದುಕ, ಸಮಾಧಾನವಾಗಿರೆಂದು ಬೇಡಿಕೊಂಡರೂ ಯಾರೂ ಕಿವಿಗೊಡಲಿಲ್ಲ.

ಕೊನೆಗೆ ಗವ್ರೀಲೊ ಇವಾನನ ಬಸುರಿ ಸೊಸೆಗೆ ಹೊಡೆದ. ಅವನಿಗೆ ಛಡಿಯೇಟಿನ ಶಿಕ್ಷೆಯಾಯಿತು. ಅವಮಾನ ತಾಳದೆ ಒಂದು ರಾತ್ರಿ ಅವನು ಇವಾನನ ಸೂರಿಗೆ ಉರಿಯುವ ಹುಲ್ಲು ತುರುಕಿದ. ಇವಾನ್ ಅದನ್ನು ಕಣ್ಣಾರೆ ಕಂಡ. ಆ ಹುಲ್ಲನ್ನು ಎಳೆದುಹಾಕಿ ತುಳಿದಿದ್ದರೆ ಎಲ್ಲವೂ ಉಳಿಯುತ್ತಿತ್ತು. ಆದರೆ ಅವನ ಮನಸ್ಸಿನಲ್ಲಿದ್ದುದು ಒಂದೇ: ಕಳ್ಳನನ್ನು ಹಿಡಿಯಬೇಕು! ಬೆಂಕಿಯನ್ನು ಬಿಟ್ಟು ಗವ್ರೀಲೊನ ಹಿಂದೆ ಓಡಿದ. ತಲೆಗೆ ಪೆಟ್ಟು ತಿಂದು ಬಿದ್ದ. ಎಚ್ಚರವಾಗುವಷ್ಟರಲ್ಲಿ ಮನೆ ಹೊತ್ತಿ ಉರಿಯುತ್ತಿತ್ತು. ಅರ್ಧ ಊರು ಸುಟ್ಟುಹೋಯಿತು, ಗವ್ರೀಲೊನ ಮನೆಯೂ ಸೇರಿ.

ಸಾಯುವ ತಂದೆ ಮಗನನ್ನು ಕೇಳುತ್ತಾನೆ: ಇದು ಯಾರ ಪಾಪ? ನನ್ನದು ಎನ್ನುತ್ತಾನೆ ಇವಾನ್. ಬೆಂಕಿ ಇಟ್ಟವನ ಹೆಸರನ್ನು ಯಾರಿಗೂ ಹೇಳಬೇಡವೆಂದು ತಂದೆ ಆಜ್ಞಾಪಿಸುತ್ತಾನೆ. ಇವಾನ್ ಹೇಳಲಿಲ್ಲ. ಗವ್ರೀಲೊ ಮೊದಲು ಬೆದರಿದ, ಆಮೇಲೆ ಕರಗಿದ. ಮನೆ ಮತ್ತೆ ಕಟ್ಟುವವರೆಗೆ ಎರಡೂ ಕುಟುಂಬಗಳು ಒಂದೇ ಸೂರಿನಡಿ ಬಾಳಿದವು.

ಒಂದು ಪಿಸ್ತೂಲು

ಮೂರನೆಯದು ದಾಸ್ತೊಯೆವ್‌ಸ್ಕಿ 1880ರಲ್ಲಿ ಮುಗಿಸಿದ 'ಕರಮಜೋವ್ ಸಹೋದರರು' ಕಾದಂಬರಿಯದು. ಅಂದಿನ ರಷ್ಯಾದಲ್ಲಿ ಮಾನವಂತರೆನಿಸಿಕೊಂಡವರು ಅವಮಾನವಾದರೆ ದ್ವಂದ್ವಯುದ್ಧಕ್ಕೆ ಕರೆಯುತ್ತಿದ್ದರು. ಮಹಾಕವಿ ಪುಷ್ಕಿನ್ 1837ರಲ್ಲಿ ಹಾಗೆಯೇ ಗುಂಡೇಟಿನಿಂದ ಸತ್ತರು. ಕಾದಂಬರಿಯ ಸನ್ಯಾಸಿ ಜೋಸಿಮ ಯೌವನದಲ್ಲಿ ಸೇನಾಧಿಕಾರಿ. ಅಸೂಯೆಯಿಂದ ಒಬ್ಬನನ್ನು ಬೇಕೆಂದೇ ಕೆಣಕಿ ದ್ವಂದ್ವಯುದ್ಧಕ್ಕೆ ಎಳೆದಿದ್ದ. ಹಿಂದಿನ ರಾತ್ರಿ ತನ್ನ ಸೇವಕ ಅಫನಾಸಿಯ ಮುಖಕ್ಕೆ ರಕ್ತ ಬರುವಂತೆ ಹೊಡೆದಿದ್ದ. ಬೆಳಿಗ್ಗೆ ಎದ್ದಾಗ ಆ ಮುಖವೇ ಕಣ್ಣಮುಂದೆ ಬಂತು. ಓಡಿಹೋಗಿ ಸೇವಕನ ಪಾದಕ್ಕೆ ಬಿದ್ದ. ಅನಂತರ ಎದುರಾಳಿಯ ಗುಂಡಿಗೆ ಎದೆಯೊಡ್ಡಿ ನಿಂತ. ಅದು ಕೆನ್ನೆಯನ್ನು ಸವರಿ ಹೋಯಿತು. ತನ್ನ ಸರದಿ ಬಂದಾಗ ಪಿಸ್ತೂಲನ್ನು ಮರಗಳ ನಡುವೆ ಎಸೆದು ಕ್ಷಮೆ ಕೇಳಿದ.

ಮುದುಕನಾದ ಮೇಲೆ ಅದೇ ಜೋಸಿಮನ ಕೋಣೆಗೆ ಫ್ಯೊದರ್ ಕರಮಜೋವ್ ಬಂದು ಎಲ್ಲರನ್ನೂ ಕೆಣಕಲೆಂದೇ ಕೋಡಂಗಿಯಾಟ ಆಡುತ್ತಾನೆ. ಜೊತೆಗಿದ್ದವರು ಕೆರಳುತ್ತಾರೆ. ಜೋಸಿಮ ಮಾತ್ರ ಕೆರಳುವುದಿಲ್ಲ. ನಿನ್ನ ಬಗ್ಗೆ ನೀನೇ ಅಷ್ಟು ನಾಚಿಕೊಳ್ಳಬೇಡ, ಎಲ್ಲಕ್ಕೂ ಅದೇ ಕಾರಣ ಎನ್ನುತ್ತಾನೆ. ಚುಚ್ಚುವವನ ಒಳಗಿನ ಗಾಯವನ್ನು ಅವನು ಕಂಡಿದ್ದ.

ನಮಗೇನು ಪಾಠ?

ಜೋಸಿಮನ ಸಹನೆ ಕಂಡರೂ ಫ್ಯೊದರ್ ಬದಲಾಗಲಿಲ್ಲ ಎಂಬುದನ್ನು ಮರೆಯಬಾರದು. ನಮ್ಮ ತಾಳ್ಮೆ ಎದುರಿನವನನ್ನು ತಿದ್ದಿಯೇ ತಿದ್ದುತ್ತದೆಂಬ ಭರವಸೆ ಇಲ್ಲ. ಆದರೆ ಬೆಂಕಿ ನಮ್ಮ ಸೂರಿಗೆ ಹತ್ತದಂತೆ ತಡೆಯಬಹುದು.

ಹಾಗೆಂದು ಹೊಡೆತ ತಿನ್ನುವವರು ಬಾಯಿ ಮುಚ್ಚಿಕೊಂಡಿರಬೇಕೆಂದಲ್ಲ. ಮನೆಯಲ್ಲಿ ದಿನವೂ ಹಿಂಸೆ ಸಹಿಸುವ ಹೆಣ್ಣುಮಗಳು ನೆರವು ಕೇಳುವುದು ಹಗೆಯಲ್ಲ, ಅದೂ ಬೆಂಕಿ ಆರಿಸುವ ಕೆಲಸವೇ. ಇಲ್ಲಿ ಹೇಳುತ್ತಿರುವುದು ಮೊಟ್ಟೆಯಷ್ಟು ಸಣ್ಣ ಕಾರಣದಿಂದ ಹುಟ್ಟಿ, ಹಟದಿಂದ ಬೆಳೆಯುವ ಜಗಳಗಳ ಬಗ್ಗೆ: ಆಸ್ತಿ ಪಾಲಿನ ದಿನ ಆಡಿದ ಒಂದು ಮಾತು, ಮದುವೆಗೆ ಕರೆಯದೆ ಬಿಟ್ಟ ಒಂದು ಮನೆ. ಅಂಥ ಹೊತ್ತಿನಲ್ಲಿ ನಮ್ಮ ಮುಂದೆ ಎರಡು ದಾರಿ ಇರುತ್ತವೆ. ಓಡುವವನ ಬೆನ್ನಟ್ಟಬಹುದು, ಉರಿಯುವ ಹುಲ್ಲನ್ನು ತುಳಿಯಬಹುದು. ಎರಡನ್ನೂ ಒಟ್ಟಿಗೆ ಮಾಡಲು ಸಮಯವಿರುವುದಿಲ್ಲ.

ಈ ವಾರ ಸಂಜೆಯ ಪ್ರಾರ್ಥನೆಯ ನಂತರ ಮನೆಮಂದಿಯೆಲ್ಲ ಮಾತಾಡಿಕೊಳ್ಳಿ:

1. ನಾವು ಮಾತು ಬಿಟ್ಟಿರುವವರು ಯಾರು? ಅದು ಶುರುವಾದದ್ದು ಯಾವ 'ಮೊಟ್ಟೆ'ಯಿಂದ?

2. ನಮ್ಮ ಜಗಳದಿಂದ ಮಕ್ಕಳು ಯಾವ ಮಾತುಗಳನ್ನು ಕಲಿತಿದ್ದಾರೆ?

3. ನಮಗಿಂತ ಕೆಳಗಿನವರೆಂದು ಭಾವಿಸಿದ ಯಾರಲ್ಲಾದರೂ ನಾವು ಕ್ಷಮೆ ಕೇಳುವುದು ಬಾಕಿ ಇದೆಯೇ?