ಮುಂಜಾವಿನಲ್ಲಿ ಏಳಲೊಲ್ಲದ ಗಣಕಯಂತ್ರ

ಯಂತ್ರವೊಂದು ಪೂರ್ಣವಾಗಿ ಕೆಟ್ಟುಹೋದರೆ ಅದರ ದೋಷವನ್ನು ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಒಮ್ಮೆ ನಡೆದು ಮತ್ತೊಮ್ಮೆ ನಿಲ್ಲುವ ಯಂತ್ರವೇ ಮನುಷ್ಯನ ತಾಳ್ಮೆಯನ್ನು ಪರೀಕ್ಷಿಸುವಂಥದು. ರಿಪೇರಿಯವನು ಬಂದಾಗ ಅದು ಸಾಧುವಾಗಿರುತ್ತದೆ. ಅವನು ಬೀದಿಯ ತಿರುವು ದಾಟಿದೊಡನೆ ಮತ್ತೆ ಹಟ ಹಿಡಿಯುತ್ತದೆ. ಮನೆಗಳಲ್ಲಿ ಬಳಸುವ ಗಣಕಯಂತ್ರಗಳಲ್ಲಿ ಇಂಥ ಚೇಷ್ಟೆ ಹೆಚ್ಚಾಗಿ ತೋರುವುದು ಗುಂಡಿಯನ್ನೊತ್ತಿದ ಮೊದಲ ಅರ್ಧ ನಿಮಿಷದಲ್ಲಿ. ಆ ಅರ್ಧ ನಿಮಿಷದಲ್ಲಿ ಏನೇನು ನಡೆಯುತ್ತದೆಂಬುದನ್ನು ನಮ್ಮ ಮನೆಯಲ್ಲಿಯೇ ನಡೆದ ಒಂದು ನಿದರ್ಶನದ ಮೂಲಕ ವಿಚಾರಿಸೋಣ.

ನಮ್ಮಲ್ಲಿದ್ದುದು ೨೦೧೧ರಲ್ಲಿ ಕೊಂಡ ಮೇಜಿನ ಗಣಕಯಂತ್ರ. ಏಳು ವರ್ಷ ನಿರಾತಂಕವಾಗಿ ದುಡಿದ ಅದು ೨೦೧೮ರ ಡಿಸೆಂಬರ್ ತಿಂಗಳಿನಲ್ಲಿ ಕೆಲವು ಮುಂಜಾನೆಗಳಲ್ಲಿ ಮಾತ್ರ ಏಳಲು ನಿರಾಕರಿಸತೊಡಗಿತು. ತಯಾರಕರ ಚಿಹ್ನೆ ಪರದೆಯ ಮೇಲೆ ಮೂಡುವುದು; ವಿಂಡೋಸಿನ ಚಿತ್ರ ಅರ್ಧ ಅರಳುವುದು; ನೀಲಿಯ ಪರದೆಯೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಮಾಯವಾಗುವುದು; ಪುನಃ ಮೊದಲಿನಿಂದ ಆರಂಭ. ಮೊದಲ ಮೂರು ಸಲ ನಂಟರ ಹುಡುಗನೊಬ್ಬ ಬಂದು, ಆರಂಭದ ಸಿದ್ಧತೆಗಳ ಪಟ್ಟಿಯಲ್ಲಿ ಏನನ್ನೋ ತಿದ್ದಿ ಸರಿಪಡಿಸಿದನು. ಏನನ್ನು ತಿದ್ದಿದನೆಂದು ನಾವು ಬರೆದಿಟ್ಟುಕೊಳ್ಳಲಿಲ್ಲ. ಮನೆಯ ಮಕ್ಕಳಲ್ಲೊಬ್ಬರು ಕೈಯಾಡಿಸಿರಬೇಕೆಂದು ಅವನ ಊಹೆ. ಮಕ್ಕಳಿಗೆ ಬೈಗುಳವೂ ಆಯಿತು. ನಾಲ್ಕನೆಯ ಸಲ ಅವನು ಊರಿನಲ್ಲಿರಲಿಲ್ಲ. ರಿಪೇರಿ ಅಂಗಡಿಯವರು ನೋಡಿ, ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಬೇಕು ಎಂದರು. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹಸನು ಮಾಡುವುದು. ಆ ಡಿಸ್ಕಿನಲ್ಲಿ ನಮ್ಮ ತಾಯಿಯವರು ತೀರಿಕೊಳ್ಳುವ ಎರಡು ವರ್ಷ ಮೊದಲು ಹಾಡಿದ್ದ ನಲವತ್ತರಷ್ಟು ಸೋಬಾನೆ ಪದಗಳ ಧ್ವನಿಮುದ್ರಣವಿತ್ತು. ಬೇರೆಲ್ಲಿಯೂ ಅದರ ಪ್ರತಿಯಿರಲಿಲ್ಲ. ಯಂತ್ರವನ್ನು ಹಾಗೆಯೇ ಮನೆಗೆ ಹಿಂದಕ್ಕೆ ತಂದೆವು.

ಈಗ ಯಂತ್ರವು ಏಳುವ ಕ್ರಮವನ್ನು ನೋಡೋಣ. ಮೊದಲು ಎಚ್ಚರಗೊಳ್ಳುವುದು ವಿದ್ಯುತ್ ಪೂರೈಕೆಯ ಪೆಟ್ಟಿಗೆ. ಗೋಡೆಯಿಂದ ಬರುವ ೨೩೦ ವೋಲ್ಟಿನ ಪರ್ಯಾಯ ಪ್ರವಾಹವನ್ನು ಅದು ೧೨, ೫ ಮತ್ತು ೩.೩ ವೋಲ್ಟಿನ ನೇರ ಪ್ರವಾಹಗಳಾಗಿ ಮಾರ್ಪಡಿಸುತ್ತದೆ. ಈ ಒತ್ತಡಗಳು ಸ್ಥಿರಗೊಂಡ ಮೇಲೆ, ಎಂದರೆ ಸೆಕೆಂಡಿನ ಹತ್ತರಲ್ಲೊಂದು ಭಾಗದಿಂದ ಅರ್ಧ ಸೆಕೆಂಡಿನೊಳಗಾಗಿ, ಎಲ್ಲವೂ ಸರಿಯಿದೆಯೆಂಬ ಸಂಕೇತವನ್ನು ಒಂದು ತಂತಿಯ ಮೂಲಕ ಕಳುಹಿಸುತ್ತದೆ. ಆ ಸಂಕೇತ ಬರುವವರೆಗೆ ಪ್ರೊಸೆಸರನ್ನು ತಡೆಹಿಡಿದಿರಲಾಗುತ್ತದೆ. ತಡೆ ತೆಗೆದೊಡನೆ ಪ್ರೊಸೆಸರಿಗೆ ತಿಳಿದಿರುವುದು ಒಂದೇ ಒಂದು ಸಂಗತಿ: ಮೊದಲ ಆಜ್ಞೆಯನ್ನು ಎಲ್ಲಿಂದ ಓದಬೇಕೆಂಬುದು. ಈಗಿನ ಸಾಮಾನ್ಯ ಮೇಜಿನ ಯಂತ್ರಗಳಲ್ಲಿ ಅದು ನಾಲ್ಕು ಗಿಗಾಬೈಟಿನ ಗಡಿಗಿಂತ ೧೬ ಬೈಟ್ ಕೆಳಗಿನ ವಿಳಾಸ. ೧೯೮೧ರ ಐಬಿಎಂ ಪಿಸಿಯಲ್ಲಿ ಅದು ಒಂದು ಮೆಗಾಬೈಟಿನ ಗಡಿಗಿಂತ ೧೬ ಬೈಟ್ ಕೆಳಗಿತ್ತು. ಅಲ್ಲಿ ಮದರ್‌ಬೋರ್ಡಿನ ಮೇಲಿನ ಪುಟ್ಟ ಚಿಪ್ಪೊಂದರಲ್ಲಿ ಬಯಾಸ್ ಎಂಬ ಮೂಲಕ್ರಮವು ಅಚ್ಚಾಗಿರುತ್ತದೆ. ಅದು ಸ್ಮೃತಿಯನ್ನು ಪರೀಕ್ಷಿಸಿ, ಪರದೆಯನ್ನು ಎಬ್ಬಿಸಿ, ಸಿದ್ಧತೆಗಳ ಪಟ್ಟಿಯನ್ನು ಓದಿ, ಡಿಸ್ಕನ್ನು ಹುಡುಕಿ, ಅದರಲ್ಲಿರುವ ವಿಂಡೋಸಿಗೋ ಲಿನಕ್ಸಿಗೋ ಅಧಿಕಾರವನ್ನು ಹಸ್ತಾಂತರಿಸುತ್ತದೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವನೆಂಬ ಇಂಗ್ಲಿಷ್ ನುಡಿಗಟ್ಟಿನಿಂದ ಈ ಕ್ರಿಯೆಗೆ ಬೂಟ್ ಎಂಬ ಹೆಸರು ಬಂದಿದೆ.

ಇದೊಂದು ಸರಪಳಿ. ಯಂತ್ರ ಎಲ್ಲಿಯವರೆಗೆ ಬಂದು ನಿಂತಿತೆಂಬುದನ್ನು ಗಮನಿಸಿದರೆ ಅದರ ಹಿಂದಿನ ಕೊಂಡಿಗಳು ಬಹುಮಟ್ಟಿಗೆ ದೃಢವಾಗಿವೆಯೆಂದು ತಿಳಿಯಬಹುದು. ಫ್ಯಾನ್ ಸಹ ತಿರುಗದಿದ್ದರೆ ವಿದ್ಯುತ್ತನ್ನು ಶಂಕಿಸಬೇಕು. ಫ್ಯಾನ್ ತಿರುಗಿ ಪರದೆ ಕತ್ತಲಾಗಿಯೇ ಉಳಿದರೆ ಸ್ಮೃತಿಯ ಪಟ್ಟಿಗಳು ಸಡಿಲವಾಗಿರಬಹುದು; ಅವನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸುವುದರಿಂದಲೇ ಎಷ್ಟೋ ಯಂತ್ರಗಳು ಬದುಕಿಕೊಂಡಿವೆ. ಪರದೆಯ ಕೇಬಲ್ಲನ್ನು ತಪ್ಪು ಕಿಂಡಿಗೆ ಸಿಕ್ಕಿಸಿ ಯಂತ್ರವೇ ಸತ್ತಿತೆಂದು ದುಃಖಿಸಿದವರೂ ಉಂಟು. ನಮ್ಮ ಯಂತ್ರವಾದರೋ ವಿಂಡೋಸಿನ ಬಾಗಿಲವರೆಗೂ ಬರುತ್ತಿತ್ತು. ಆದುದರಿಂದ ದೋಷವು ಡಿಸ್ಕಿನಲ್ಲಿಯೋ ಡಿಸ್ಕಿಗೆ ಹೋಗುವ ದಾರಿಯಲ್ಲಿಯೋ ಇರಬೇಕಾಗಿತ್ತು. ಅಂಗಡಿಯವರ ಊಹೆ ಅಸಂಬದ್ಧವೇನಲ್ಲ.

ಪ್ರಯೋಗಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿತ್ತು. ಡಿಸ್ಕ್ ನಿಜವಾಗಿಯೂ ಸಾಯುತ್ತಿದ್ದರೆ ಯಂತ್ರವನ್ನು ಮತ್ತೆ ಮತ್ತೆ ಎಬ್ಬಿಸುವ ಪ್ರಯತ್ನವೇ ಅದರ ಕೊನೆಯುಸಿರಿಗೆ ಕಾರಣವಾಗಬಹುದು. ನಿಮಿಷಕ್ಕೆ ೭,೨೦೦ ಸುತ್ತು ತಿರುಗುವ ತಟ್ಟೆಯ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ ತೇಲುವ ಸೂಕ್ಷ್ಮ ತಲೆಯಿಂದ ಅದು ಓದುತ್ತದೆ. ಕಟ್ ಕಟ್ ಎಂಬ ಶಬ್ದ ಬರುತ್ತಿದ್ದರಂತೂ ತಕ್ಷಣ ನಿಲ್ಲಿಸತಕ್ಕದ್ದು. ನಾವು ತಂತಿಯನ್ನು ಗೋಡೆಯಿಂದ ಕಿತ್ತು, ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಅಡಾಪ್ಟರಿನ ಮೂಲಕ ಮತ್ತೊಂದು ಗಣಕಯಂತ್ರಕ್ಕೆ ಜೋಡಿಸಿದೆವು. ಹಾಡುಗಳೆಲ್ಲ ಒಂದೂ ತಪ್ಪದೆ ನಕಲಾದುವು. ಅವುಗಳಲ್ಲಿ ಮೂರನ್ನು ಆರಂಭದಿಂದ ಕೊನೆಯವರೆಗೆ ಕೇಳಿ ನೋಡಿದೆವು. ಪರೀಕ್ಷೆಗೆ ಒಂದು ಸಾಕಾಗಿತ್ತು. ಈ ರಕ್ಷಣಾಕಾರ್ಯವೇ ಮೊದಲ ಸಾಕ್ಷ್ಯವನ್ನೂ ಒದಗಿಸಿತು. ಬೇರೆ ಯಂತ್ರದಲ್ಲಿ ಸರಾಗವಾಗಿ ಓದಲು ಬರುವ ಡಿಸ್ಕನ್ನು ಹೋಗಿದೆಯೆನ್ನುವುದು ಹೇಗೆ?

ಅನಂತರ ನಾವು ಒಂದು ತಪ್ಪುದಾರಿ ಹಿಡಿದೆವು. ಅದನ್ನೂ ಹೇಳುವುದು ಉಚಿತ. ಡಿಸೆಂಬರ್ ತಿಂಗಳು, ಮುಂಜಾನೆ, ಹಳೆಯ ಯಂತ್ರ: ಇವು ಮೂರೂ ಕೂಡಿದಾಗ ಯಾರಿಗಾದರೂ ಕೆಪ್ಯಾಸಿಟರ್ ನೆನಪಾಗುತ್ತದೆ. ರೇಡಿಯೋ ರಿಪೇರಿಯವರು ಇದನ್ನೇ ಕಂಡೆನ್ಸರ್ ಎನ್ನುತ್ತಿದ್ದರು. ಸಣ್ಣ ಡಬ್ಬಿಯಾಕಾರದ ಈ ಸಾಧನದೊಳಗೆ ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆದ ಕಾಗದವಿರುತ್ತದೆ. ವಿದ್ಯುತ್ತಿನ ಏರಿಳಿತಗಳನ್ನು ನುಂಗಿ ಪ್ರವಾಹವನ್ನು ಸಮಗೊಳಿಸುವುದು ಇದರ ಕೆಲಸ. ವರ್ಷಗಳು ಕಳೆದಂತೆ ದ್ರವ ಆರುತ್ತ ಬರುತ್ತದೆ. ಚಳಿಯಲ್ಲಿ ಉಳಿದ ದ್ರವವೂ ಮಂದವಾಗಿ ಒಳಗಿನ ರೋಧ ಹೆಚ್ಚುತ್ತದೆ. ಆಗ ಯಂತ್ರವು ಮೊದಲ ಒತ್ತಿಗೆ ಏಳದೆ, ಮೂರು ನಾಲ್ಕು ಪ್ರಯತ್ನಗಳಲ್ಲಿ ಹರಿದ ವಿದ್ಯುತ್ತಿನಿಂದ ಕೆಪ್ಯಾಸಿಟರು ತುಸು ಬೆಚ್ಚಗಾದ ಮೇಲೆ ಏಳುತ್ತದೆ. ೧೯೯೯ರಿಂದ ಸುಮಾರು ೨೦೦೭ರವರೆಗೆ ತಯಾರಾದ ಅನೇಕ ಮದರ್‌ಬೋರ್ಡುಗಳಲ್ಲಿ ಕಳಪೆ ದ್ರವದ ಕೆಪ್ಯಾಸಿಟರುಗಳು ನೆತ್ತಿ ಉಬ್ಬಿ ಒಡೆದುಹೋದದ್ದು ಈ ಉದ್ಯಮದಲ್ಲಿ ಪ್ರಸಿದ್ಧ ಸಂಗತಿ. ನಮ್ಮದರಲ್ಲಿ ಒಂದರ ನೆತ್ತಿಯೂ ಉಬ್ಬಿರಲಿಲ್ಲ. ಮೇಲಾಗಿ, ಎಷ್ಟು ಸಲ ಒತ್ತಿದರೂ ಯಂತ್ರ ಬಿಸಿಯಾದ ಮಾತ್ರಕ್ಕೆ ಏಳುತ್ತಿರಲಿಲ್ಲ. ಆದರೂ ಚಳಿಯ ಮೇಲಿನ ಗುಮಾನಿಯನ್ನು ನಾವು ಬೇಗ ಬಿಡಲಿಲ್ಲ. ತಾನೇ ಕಟ್ಟಿದ ಊಹೆಯ ಮೇಲೆ ಮನುಷ್ಯನಿಗೆ ಒಂದು ಬಗೆಯ ಮೋಹವಿರುತ್ತದೆ.

ದಾರಿ ತೋರಿಸಿದ್ದು ಗೋಡೆಯ ಕ್ಯಾಲೆಂಡರು. ಏಳದ ದಿನಗಳಿಗೆಲ್ಲ ಗುರುತು ಹಾಕಿ ನೋಡಿದಾಗ ಅವು ಚಿಕ್ಕಪ್ಪನವರು ನಮ್ಮಲ್ಲಿ ತಂಗಿದ ರಾತ್ರಿಗಳ ಮರುದಿನಗಳಾಗಿದ್ದುವು! ಮಲಗುವ ಮುನ್ನ ಮನೆಯ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಆರಿಸಿ ಬರುವುದು ಅವರ ಪದ್ಧತಿ. ನಾವಾದರೋ ಗಣಕಯಂತ್ರವನ್ನು ಮುಚ್ಚಿ, ಗೋಡೆಯ ಸ್ವಿಚ್ಚನ್ನು ಹಾಗೆಯೇ ಬಿಡುವವರು. ಈಗ ಎರಡು ಊಹೆಗಳು ಎದುರುಬದುರಾದುವು: ದೋಷಕ್ಕೆ ಕಾರಣ ಚಳಿಯೆ, ಸ್ವಿಚ್ಚೆ? ಮುಂಜಾನೆಗಳಲ್ಲಿ ಎರಡೂ ಕೂಡಿಯೇ ಬರುತ್ತಿದ್ದುದರಿಂದ ಅವನ್ನು ಬೇರ್ಪಡಿಸಬೇಕಾಗಿತ್ತು. ಒಂದು ರಾತ್ರಿ ಕೊಠಡಿಯ ಕಿಟಕಿ ತೆರೆದು, ಸ್ವಿಚ್ಚನ್ನು ಆರಿಸದೆ ಬಿಟ್ಟೆವು. ಬೆಳಗಿನ ಚಳಿಯಲ್ಲಿ ಯಂತ್ರ ಮೊದಲ ಒತ್ತಿಗೇ ಎದ್ದಿತು. ಅದೇ ದಿನ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ, ಕೊಠಡಿ ಬೆಚ್ಚಗಿರುವಾಗಲೇ, ಸ್ವಿಚ್ಚನ್ನು ಆರಿಸಿಟ್ಟೆವು. ನಾಲ್ಕು ಗಂಟೆಗೆ ನೀಲಿ ಪರದೆ ಬಂದಿತು. ಮರುದಿನ ಎರಡನ್ನೂ ಪುನರಾವರ್ತಿಸಿದರೂ ಫಲ ಬದಲಾಗಲಿಲ್ಲ. ಚಳಿ ನಿರಪರಾಧಿ.

ಮುಚ್ಚಿದ ಯಂತ್ರಕ್ಕೂ ಗೋಡೆಯ ಸ್ವಿಚ್ಚಿಗೂ ಏನು ಸಂಬಂಧ? ಯಂತ್ರ ಮಲಗಿದ್ದಾಗಲೂ ಗೋಡೆಯಲ್ಲಿ ವಿದ್ಯುತ್ತಿದ್ದರೆ ಪೂರೈಕೆಯ ಪೆಟ್ಟಿಗೆಯು ೫ ವೋಲ್ಟಿನ ಒಂದು ಸಣ್ಣ ಪ್ರವಾಹವನ್ನು ಮದರ್‌ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಬೋರ್ಡಿನ ಮೇಲೆ ಎಂದೂ ಮಲಗದ ಒಂದು ಗಡಿಯಾರವಿದೆ. ಅದರ ಸ್ಫಟಿಕವು ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆಯನ್ನು ಹದಿನೈದು ಸಲ ಅರ್ಧಿಸುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡಿನ ಮಿಡಿತ. ಗಡಿಯಾರದ ಜೊತೆಯಲ್ಲಿಯೇ ಸಿದ್ಧತೆಗಳ ಪಟ್ಟಿಯನ್ನು ಹಿಡಿದಿಡುವ ಪುಟ್ಟ ಸ್ಮೃತಿಯೂ ಇದೆ. ೧೯೮೧ರ ಐಬಿಎಂ ಪಿಸಿಯಲ್ಲಿ ಇವೆರಡೂ ಇರಲಿಲ್ಲ. ಸಿದ್ಧತೆಗಳನ್ನು ಬೋರ್ಡಿನ ಮೇಲಿನ ಸಣ್ಣ ಸ್ವಿಚ್ಚುಗಳಿಂದ ಗೊತ್ತುಪಡಿಸಿ, ದಿನಾಂಕವನ್ನು ಪ್ರತಿ ಸಲವೂ ಕೈಯಿಂದ ತುಂಬಬೇಕಾಗಿತ್ತು. ೧೯೮೪ರ ಪಿಸಿ ಎಟಿಯಲ್ಲಿ ಮೋಟೊರೋಲಾ ಸಂಸ್ಥೆಯ ಒಂದು ಚಿಪ್ಪು ಈ ಎರಡು ಕೆಲಸವನ್ನೂ ವಹಿಸಿಕೊಂಡಿತು. ಅದರ ೬೪ ಬೈಟುಗಳಲ್ಲಿ ೧೪ ಗಡಿಯಾರಕ್ಕೆ ಮತ್ತು ಅದರ ನಿಯಂತ್ರಣಕ್ಕೆ, ಉಳಿದ ೫೦ ಸಿದ್ಧತೆಗಳಿಗೆ.

ಗೋಡೆಯ ವಿದ್ಯುತ್ತು ಇಲ್ಲದಾಗ ಇವೆರಡನ್ನೂ ಪೋಷಿಸುವುದು ನಾಣ್ಯದಂತಿರುವ ಲಿಥಿಯಂ ಕೋಶ. ಅದರ ಹೆಸರು ಸಿಆರ್ ೨೦೩೨. ವ್ಯಾಸ ೨೦ ಮಿಲಿಮೀಟರ್, ದಪ್ಪ ೩.೨ ಮಿಲಿಮೀಟರ್ ಎಂಬುದನ್ನು ಹೆಸರೇ ಹೇಳುತ್ತದೆ. ಒತ್ತಡ ೩ ವೋಲ್ಟ್. ಧಾರಣಶಕ್ತಿ ಸುಮಾರು ೨೨೦ ಮಿಲಿಆಂಪಿಯರ್ ಗಂಟೆ. ಗಡಿಯಾರವು ೫ ಮೈಕ್ರೋಆಂಪಿಯರ್ ಸೆಳೆಯುವುದೆಂದಿಟ್ಟುಕೊಂಡರೆ ಕೋಶವು ೪೪,೦೦೦ ಗಂಟೆ, ಎಂದರೆ ಸುಮಾರು ಐದು ವರ್ಷ ಬಾಳಬೇಕು. ನಮ್ಮ ಮನೆಯಲ್ಲಿ ಸ್ವಿಚ್ಚು ಹೆಚ್ಚಿನ ಹೊತ್ತು ಹಾಕಿಯೇ ಇರುತ್ತಿದ್ದುದರಿಂದ ಏಳು ವರ್ಷ ಬಂದಿತ್ತು. ಮೀಟರಿನಿಂದ ಅಳೆದಾಗ ತೋರಿದ್ದು ೨.೧ ವೋಲ್ಟ್.

ಇನ್ನು ಉಳಿದ ಕೊಂಡಿ ಒಂದೇ: ಕೋಶ ಸತ್ತರೆ ನೀಲಿ ಪರದೆ ಏಕೆ ಬರಬೇಕು? ಪಟ್ಟಿ ಅಳಿಸಿಹೋದಾಗ ಬಯಾಸ್ ತನ್ನ ಕಾರ್ಖಾನೆಯ ಸಿದ್ಧತೆಗಳಿಗೆ ಮರಳುತ್ತದೆ. ಡಿಸ್ಕಿನೊಡನೆ ವ್ಯವಹರಿಸಲು ಆ ಕಾಲದ ಯಂತ್ರಗಳಲ್ಲಿ ಐಡಿಇ ಎಂಬ ಹಳೆಯ ಪದ್ಧತಿ, ಎಎಚ್‌ಸಿಐ ಎಂಬ ಹೊಸ ಪದ್ಧತಿ ಎರಡೂ ಇದ್ದುವು. ನಮ್ಮ ವಿಂಡೋಸನ್ನು ಹೊಸ ಪದ್ಧತಿಯಲ್ಲಿ ಸ್ಥಾಪಿಸಲಾಗಿತ್ತು. ಕಾರ್ಖಾನೆಯ ಸಿದ್ಧತೆ ಹಳೆಯದು. ಆ ಕಾಲದ ವಿಂಡೋಸ್ ಏಳುವಾಗ ಸ್ಥಾಪನೆಯ ದಿನ ಕಲಿತ ಪದ್ಧತಿಯನ್ನು ಮಾತ್ರ ಎಚ್ಚರಿಸುತ್ತದೆ. ಮೋಡಿ ಲಿಪಿ ಬಾರದ ಶಾನುಭೋಗನ ಮುಂದೆ ಮೋಡಿಯ ಕಡತವನ್ನಿಟ್ಟಂತಾಗಿ, ತಾನು ಕುಳಿತಿರುವ ಡಿಸ್ಕೇ ಅದಕ್ಕೆ ಕಾಣದಾಗುತ್ತದೆ. ಎಫ್ ೮ ಕೀಲಿಯ ಪಟ್ಟಿಯಿಂದ ತಾನೇ ಪುನರಾರಂಭವಾಗುವುದನ್ನು ತಡೆದು ನೀಲಿ ಪರದೆಯನ್ನು ನಿಲ್ಲಿಸಿ ನೋಡಿದಾಗ ೭ಬಿ ಎಂದು ಕೊನೆಗೊಳ್ಳುವ ಸಂಕೇತ ಕಂಡಿತು; ಆರಂಭದ ಡಿಸ್ಕ್ ಸಿಗಲಿಲ್ಲವೆಂಬುದೇ ಅದರ ಅರ್ಥ. ನಂಟರ ಹುಡುಗ ಪ್ರತಿ ಸಲವೂ ತಿದ್ದುತ್ತಿದ್ದುದು ಈ ಒಂದು ಸಾಲನ್ನು. ಯಂತ್ರದ ದಿನಾಂಕ ಆಗಾಗ ೨೦೧೦ರ ಜನವರಿ ೧ಕ್ಕೆ ಹಿಂದೆ ಸರಿಯುತ್ತಿದ್ದುದನ್ನೂ ನಾವು ಕಂಡಿದ್ದೆವು. ಬೇರೆಯೇ ಒಂದು ಕಿರುಕುಳವೆಂದು ತಿದ್ದಿ ಸುಮ್ಮನಾಗುತ್ತಿದ್ದೆವು. ಪಟ್ಟಿ ಕೆಟ್ಟಿದೆಯೆಂಬ ಎಚ್ಚರಿಕೆಯ ಸಾಲನ್ನು ಬಯಾಸ್ ಸಹ ಬರೆಯುತ್ತಿತ್ತು, ಆದರೆ ನಮ್ಮ ಮಂದಗತಿಯ ಪರದೆ ಬೆಳಗುವಷ್ಟರಲ್ಲಿ ಅದು ಅಳಿಸಿಹೋಗುತ್ತಿತ್ತು.

ಇದರಲ್ಲಿ ಭಯ ಹುಟ್ಟಿಸುವ ಅಂಶವೊಂದಿದೆ. ಅಂಗಡಿಯವರ ಮಾತಿನಂತೆ ಫಾರ್ಮ್ಯಾಟ್ ಮಾಡಿಸಿದ್ದರೆ ಯಂತ್ರ ಸರಿಹೋಗುತ್ತಿತ್ತು! ಹೊಸ ವಿಂಡೋಸು ಕಾರ್ಖಾನೆಯ ಸಿದ್ಧತೆಯಲ್ಲಿಯೇ ಸ್ಥಾಪನೆಯಾಗಿ, ಕೋಶ ಸತ್ತಿದ್ದರೂ ಪ್ರತಿದಿನ ಏಳುತ್ತಿತ್ತು. ಡಿಸ್ಕಿನ ಮೇಲಿನ ಆರೋಪ ರುಜುವಾತಾದಂತೆಯೇ ನಾವೂ ನಂಬಿ, ಹಾಡುಗಳನ್ನು ಕಳೆದುಕೊಂಡು, ಅಂಗಡಿಯವರಿಗೆ ವಂದನೆ ಹೇಳಿ ಬರುತ್ತಿದ್ದೆವು.

ಈಗಿನ ಯಂತ್ರಗಳಲ್ಲಿ ಸಿದ್ಧತೆಗಳ ಪಟ್ಟಿಯು ಬಹುಮಟ್ಟಿಗೆ ವಿದ್ಯುತ್ತಿಲ್ಲದೆಯೂ ಉಳಿಯುವ ಚಿಪ್ಪಿನಲ್ಲಿರುತ್ತದೆ. ಕೋಶ ಸತ್ತರೆ ಕೆಡುವುದು ಮುಖ್ಯವಾಗಿ ಗಡಿಯಾರ. ಅದೂ ಅಲ್ಪವಲ್ಲ. ಬ್ಯಾಂಕಿನ ತಾಣದ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಅಂತ್ಯದ ದಿನಾಂಕಗಳಿರುವುದರಿಂದ, ಹತ್ತು ವರ್ಷ ಹಿಂದಿರುವ ಯಂತ್ರಕ್ಕೆ ಅದು ಇನ್ನೂ ಹುಟ್ಟದ ಪತ್ರವಾಗಿ ತೋರಿ ಬಾಗಿಲು ಮುಚ್ಚುತ್ತದೆ. ಹೊಸ ಚೇಷ್ಟೆಗಳೂ ಇವೆ. ೨೦೧೨ರ ವಿಂಡೋಸ್ ೮ರಿಂದೀಚೆಗೆ ಶಟ್‌ಡೌನ್ ಎಂಬುದು ಅನೇಕ ಯಂತ್ರಗಳಲ್ಲಿ ಅರೆನಿದ್ರೆಯಷ್ಟೆ; ಪೂರ್ಣವಾಗಿ ಹೊಸದಾಗಿ ಏಳಿಸಲು ರೀಸ್ಟಾರ್ಟ್ ಒತ್ತಬೇಕು. ಡಿಡಿಆರ್ ೫ ಸ್ಮೃತಿಯನ್ನು ಹೊಸದಾಗಿ ಹಾಕಿದಾಗ ಮೊದಲ ಆರಂಭಕ್ಕೆ ಕೆಲವು ನಿಮಿಷಗಳೇ ಹಿಡಿದು, ಅಷ್ಟು ಹೊತ್ತೂ ಪರದೆ ಕತ್ತಲಾಗಿರಬಹುದು.

ಕೋಶವನ್ನು ಬದಲಾಯಿಸುವವರು ಮೊದಲು ಸಿದ್ಧತೆಗಳ ಪುಟಗಳನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ವಿಂಡೋಸಿನ ಬಿಟ್‌ಲಾಕರ್ ಬೀಗ ಇರುವ ಯಂತ್ರವಾದರೆ ೪೮ ಅಂಕಿಗಳ ಚೇತರಿಕೆಯ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಬಯಾಸನ್ನು ಮುಟ್ಟಲೇಬಾರದು. ಸಿದ್ಧತೆಗಳು ಬದಲಾದರೆ ಯಂತ್ರವು ಅದನ್ನು ಕೇಳಬಹುದು, ಅದಿಲ್ಲದೆ ಡಿಸ್ಕಿನಲ್ಲಿರುವುದು ಯಾರಿಗೂ ದಕ್ಕದು. ತಂತಿಯನ್ನು ಗೋಡೆಯಿಂದ ಕಿತ್ತು, ಆರಂಭದ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು, ಪೆಟ್ಟಿಗೆಯ ಬರಿಯ ಲೋಹವನ್ನು ಒಮ್ಮೆ ಮುಟ್ಟಿ, ಆಮೇಲೆ ಕೈಹಾಕಬೇಕು. ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು. ಅದರೊಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ ೩೦೦ ವೋಲ್ಟಿಗೂ ಮಿಕ್ಕ ಒತ್ತಡವು ತಂತಿ ಕಿತ್ತ ಮೇಲೂ ಕೆಲಹೊತ್ತು ಉಳಿದಿರುತ್ತದೆ. ಹೊಸ ಕೋಶವನ್ನು ಕೂಡಿಸಂಕೇತವಿರುವ ಮುಖ ಮೇಲಾಗಿ ಕೂರಿಸಿ, ದಿನಾಂಕವನ್ನೂ ಡಿಸ್ಕಿನ ಪದ್ಧತಿಯನ್ನೂ ಮೊದಲಿನಂತೆ ತುಂಬಿ ಉಳಿಸಿದರೆ ಕೆಲಸ ಮುಗಿಯಿತು. ನಾವು ಹಾಗೆ ಮಾಡಿದ ರಾತ್ರಿ ಚಿಕ್ಕಪ್ಪನವರು ಎಂದಿನಂತೆ ಸ್ವಿಚ್ಚುಗಳನ್ನೆಲ್ಲ ಆರಿಸಿ ಮಲಗಿದರು. ಬೆಳಗ್ಗೆ ಯಂತ್ರ ಮೊದಲ ಒತ್ತಿಗೇ ಎದ್ದಿತು, ದಿನಾಂಕವೂ ಸರಿಯಾಗಿತ್ತು.