ಖಡಕ್ ರೊಟ್ಟಿಯೂ ನಾಯಿ ಬಿಸ್ಕತ್ತೂ: ಬೆಳ್ಳಟ್ಟಿಯ ಅಡುಗೆಮನೆಯಿಂದ ಒಂದು ಪಾಠ

ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿ ಕಡೆ ಮನೆಗಳಲ್ಲಿ ಖಡಕ್ ರೊಟ್ಟಿಯ ಬುಟ್ಟಿ ಇಲ್ಲದ ಅಡುಗೆಮನೆ ಅಪರೂಪ. ಊಟ ಮುಗಿದ ಮೇಲೆ ಉಳಿದ ರೊಟ್ಟಿ ತುಣುಕು ಬಾಗಿಲಲ್ಲಿ ಕಾಯುತ್ತಾ ಕೂತ ನಾಯಿಗೆ. ಇತ್ತ ನಮ್ಮ ಕಾಲೇಜಿನ ಎದುರಿನ ಅಂಗಡಿಯಲ್ಲಿ ಮೂಳೆಯ ಆಕಾರದ ನಾಯಿ ಬಿಸ್ಕತ್ತು ಬಣ್ಣದ ಪೊಟ್ಟಣದಲ್ಲಿ ನೇತಾಡುತ್ತದೆ. ಇವೆರಡಕ್ಕೂ ಎಷ್ಟು ವ್ಯತ್ಯಾಸ? ತಯಾರಿಕೆಯ ದೃಷ್ಟಿಯಿಂದ ನೋಡಿದರೆ ಬಹಳ ಏನಿಲ್ಲ. ಎರಡೂ ಧಾನ್ಯದ ಹಿಟ್ಟು, ಎರಡೂ ಬೇಯಿಸಿ ಒಣಗಿಸಿದ್ದು.

ಹಾಗಾದರೆ ನಾಯಿಗೆ ತಿನಿಸು ಮಾಡೋದು ಸುಲಭ ಅಲ್ವಾ? ಸುಲಭವೇ. ಆದರೆ ಮೂರು ಪ್ರಶ್ನೆಗೆ ಉತ್ತರ ಗೊತ್ತಿರಬೇಕು. ಏನು ಹಾಕಬೇಕು, ಎಷ್ಟು ಒಣಗಿಸಬೇಕು, ಎಷ್ಟು ಕೊಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಪ್ರೀತಿಯಿಂದ ಕೊಟ್ಟದ್ದೇ ನಾಯಿಯ ಜೀವಕ್ಕೆ ಕುತ್ತಾಗಬಹುದು. ಅದಕ್ಕೇ ಈ ಸಲ ನಾವು ಹಂಚು, ತಕ್ಕಡಿ, ಕ್ಯಾಲ್ಕ್ಯುಲೇಟರ್ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಕೂತಿದ್ದೇವೆ.

ಬಿಸ್ಕತ್ತು ಎಂದರೆ ಎರಡು ಸಲ ಬೆಂದದ್ದು

ಬಿಸ್ಕತ್ತು ಎಂಬ ಪದದ ಮೂಲ ಲ್ಯಾಟಿನ್. ಅರ್ಥ ‘ಎರಡು ಸಲ ಬೇಯಿಸಿದ್ದು’. ಮೊದಲ ಸಲ ಹಿಟ್ಟು ಬೇಯಬೇಕು, ಎರಡನೇ ಸಲ ನೀರು ಹೋಗಬೇಕು. ನಮ್ಮೂರ ಬೇಕರಿಯ ಟೋಸ್ಟ್ ಆಗೋದೂ ಹೀಗೇ. ಖಡಕ್ ರೊಟ್ಟಿಯೂ ಅಷ್ಟೇ: ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಒಲೆಯ ಕೆಂಡದ ಮುಂದೆ ನಿಲ್ಲಿಸಿ ಗರಿಗರಿಯಾಗುವ ತನಕ ಒಣಗಿಸುತ್ತಾರೆ.

ನಾಯಿ ಬಿಸ್ಕತ್ತು ಕಾರ್ಖಾನೆ ಸರಕಾದದ್ದು 1860ರ ಸುಮಾರಿಗೆ, ಲಂಡನ್ನಿನಲ್ಲಿ. ಮಾಡಿದವನು ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್. ಮಾರಲು ಬಂದಿದ್ದು ಸಿಡಿಲು ತಡೆಯುವ ಸಲಕರಣೆ. ಬಂದರಿನಲ್ಲಿ ಹಡಗಿನವರು ಎಸೆದ ಒಣ ಬಿಸ್ಕತ್ತಿಗೆ ನಾಯಿಗಳು ಮುಗಿಬೀಳುವುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತು ಎನ್ನುತ್ತಾರೆ. ಗೋಧಿ, ತರಕಾರಿ, ಒಣ ಮಾಂಸ ಸೇರಿಸಿ ಮಾಡಿದ ಅವನ ಸರಕು ಚೆನ್ನಾಗಿ ಮಾರಾಟವಾಯಿತು.

ನಮ್ಮ ಭಾಗಕ್ಕೆ ನಾಯಿಗೆ ಉಣಿಸುವುದು ಹೊಸದಲ್ಲ. ಕಪ್ಪತಗುಡ್ಡದಲ್ಲಿ ತೋಳಗಳಿವೆ, ಆ ಸೀಮೆಯಲ್ಲಿ ಕುರಿ ಕಾಯುವವರಿಗೆ ನಾಯಿ ಎಂದರೆ ರಾತ್ರಿ ಪಾಳಿಯ ಕೆಲಸಗಾರ. ತುಂಗಭದ್ರೆಯ ದಂಡೆಯ ಮೈಲಾರದ ಪರಂಪರೆಯಲ್ಲಿ ಗೊರವಯ್ಯಗಳು ದೇವರ ನಾಯಿಗಳಾಗಿ ಬೊಗಳುತ್ತಾ ದೋಣಿಯಲ್ಲಿಟ್ಟ ಹಾಲು, ಬಾಳೆಹಣ್ಣು ಸ್ವೀಕರಿಸುತ್ತಾರೆ. ನಾಯಿಗೆ ಹಾಕೋದು ಅಂದರೆ ಬಿಸಾಕೋದಲ್ಲ ಎಂಬ ತಿಳಿವಳಿಕೆ ಈ ಮಣ್ಣಿನಲ್ಲಿ ಮೊದಲಿಂದಲೂ ಇದೆ.

ಜೋಳ ನಾಯಿಗೆ ಅರಗುತ್ತದೆಯೇ?

‘ನಾಯಿ ಮಾಂಸಾಹಾರಿ, ಅದಕ್ಕೆ ರೊಟ್ಟಿ ಯಾಕೆ?’ ಅಂತ ಕೆಲವರು ಕೇಳುತ್ತಾರೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ಜೀನು ತೋಳದಲ್ಲಿ 2 ಪ್ರತಿ ಇದ್ದರೆ, ನಾಯಿಯಲ್ಲಿ 4ರಿಂದ 30 ಪ್ರತಿ ಇತ್ತು. ರೈತನ ಮನೆ ಬಾಗಿಲಲ್ಲಿ ಬೆಳೆದ ಪ್ರಾಣಿ ರೈತನ ಊಟಕ್ಕೆ ಹೊಂದಿಕೊಂಡಿದೆ.

ಆದರೆ ಒಂದು ಷರತ್ತು. ಪಿಷ್ಟ ಬೆಂದಿರಬೇಕು. ಹಸಿ ಹಿಟ್ಟಿನ ಪಿಷ್ಟದ ಕಣಗಳು ಗಟ್ಟಿಯಾಗಿ ಮುಚ್ಚಿಕೊಂಡಿರುತ್ತವೆ; ನೀರು ಮತ್ತು ಬಿಸಿ ಸೇರಿದಾಗ ಉಬ್ಬಿ ಬಿಚ್ಚಿಕೊಳ್ಳುತ್ತವೆ. ಜೋಳದಲ್ಲಿ ಗೋಧಿಯಂತೆ ಗ್ಲುಟೆನ್ ಇಲ್ಲ, ಹಾಗಾಗಿ ತಣ್ಣೀರಲ್ಲಿ ಕಲಸಿದರೆ ಕಣಕ ಹರಿಯುತ್ತದೆ. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುವ ನಮ್ಮ ಅವ್ವಂದಿರ ಪದ್ಧತಿ ಎರಡೂ ಕೆಲಸ ಒಮ್ಮೆಗೇ ಮಾಡುತ್ತದೆ: ಕಣಕಕ್ಕೆ ಜಿಗಿ ಬರುತ್ತದೆ, ಬೇಯುವುದು ಅಲ್ಲಿಂದಲೇ ಶುರುವಾಗುತ್ತದೆ.

ಮೊದಲು ಹಾಕಬಾರದ್ದು

ಸಾಮಗ್ರಿಗಿಂತ ಮೊದಲು ಈ ಪಟ್ಟಿ ಓದಿ. ನಮ್ಮ ಪ್ರಕಾರ ಇಡೀ ಪಾಠದಲ್ಲಿ ಮುಖ್ಯವಾದ ಭಾಗ ಇದೇ.

ಉಳ್ಳಾಗಡ್ಡಿ ಮತ್ತು ಬಳ್ಳೊಳ್ಳಿ: ಗದಗ ಸೀಮೆಯ ಅಡುಗೆಯಲ್ಲಿ ಇವೆರಡೂ ಇಲ್ಲದ ಪಲ್ಯ ಕಡಿಮೆ. ಆದರೆ ಇವುಗಳ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದೇಹತೂಕದ ಶೇ. 0.5ರಷ್ಟು ಉಳ್ಳಾಗಡ್ಡಿ ಹೊಟ್ಟೆಗೆ ಹೋದರೆ ಅಪಾಯ. 16 ಕೆ.ಜಿ. ನಾಯಿಗೆ ಲೆಕ್ಕ ಹಾಕಿ: 80 ಗ್ರಾಂ. ಅಂದರೆ ಮಧ್ಯಮ ಗಾತ್ರದ ಒಂದೇ ಗಡ್ಡಿ. ಬೇಯಿಸಿದರೂ, ಒಣಗಿಸಿದರೂ, ಪುಡಿ ಮಾಡಿದರೂ ವಿಷ ಕಡಿಮೆಯಾಗಲ್ಲ. ಲಕ್ಷಣ ಅವತ್ತೇ ಕಾಣಲಿಕ್ಕಿಲ್ಲ; ಕೆಲವು ದಿನ ಬಿಟ್ಟು ಸುಸ್ತು, ಬಿಳಿಚಿದ ಒಸಡು, ಕಂದುಗೆಂಪು ಮೂತ್ರ ಕಾಣಿಸುತ್ತದೆ. ಅಷ್ಟರಲ್ಲಿ ಏನು ತಿನ್ನಿಸಿದ್ದೆವು ಅನ್ನೋದೇ ಮನೆಯವರಿಗೆ ಮರೆತಿರುತ್ತದೆ.

ಬೂಷ್ಟು ಹಿಡಿದ ಶೇಂಗಾ: ನಮ್ಮ ಕಡೆಯ ದೊಡ್ಡ ಅಪಾಯ ಇದು. ಮನುಷ್ಯರಿಗೆ ಒಳ್ಳೆ ಕಾಳು ಆರಿಸಿ, ಮುದುಡಿದ, ಕಪ್ಪಾದ, ಕಹಿ ಕಾಳನ್ನು ‘ನಾಯಿಗೆ ಆಯ್ತು’ ಅಂತ ಬದಿಗಿಡುವ ರೂಢಿ ಇದೆ. ಅಂಥ ಕಾಳಿನಲ್ಲಿ ಆಸ್ಪರ್ಜಿಲ್ಲಸ್ ಜಾತಿಯ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಟ್ಟಿರಬಹುದು. ಅದು ನೇರವಾಗಿ ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ, ಮತ್ತು ನಾಯಿ ಈ ವಿಷಕ್ಕೆ ಬಹಳ ಸೂಕ್ಷ್ಮ. ಹುರಿದರೆ, ಬೇಯಿಸಿದರೆ ಶಿಲೀಂಧ್ರ ಸಾಯುತ್ತದೆ, ವಿಷ ಉಳಿಯುತ್ತದೆ. 2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅಫ್ಲಾಟಾಕ್ಸಿನ್ ಇದ್ದ ಸಿದ್ಧ ಆಹಾರ ತಿಂದು ಅನೇಕ ನಾಯಿಗಳು ಸತ್ತು, ಕಂಪನಿ ಸರಕು ವಾಪಸ್ ಪಡೆಯಬೇಕಾಯಿತು. ಆರಿಸಿ ತೆಗೆದ ಕಾಳನ್ನು ಎಮ್ಮೆಗೂ ಹಾಕಬೇಡಿ. ವಿಷದ ಒಂದು ಪಾಲು ಹಾಲಿಗೆ ಇಳಿದು ನಮ್ಮ ಚಹಾಕ್ಕೇ ಬರುತ್ತದೆ.

ಶೇಂಗಾ ಹಿಂಡಿ: ಇಲ್ಲಿ ಹೇಳುತ್ತಿರೋದು ರೊಟ್ಟಿ ಜೊತೆ ತಿನ್ನುವ ಚಟ್ನಿಪುಡಿ. ಅದರಲ್ಲಿ ಬಳ್ಳೊಳ್ಳಿ, ಉಪ್ಪು, ಖಾರ ಮೂರೂ ಇವೆ. ರೊಟ್ಟಿಗೆ ಹಚ್ಚಿ ಕೊಡಬೇಡಿ.

ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಕ್ಸೈಲಿಟಾಲ್: ದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡ ಕೆಡಿಸುತ್ತದೆ; ಯಾವ ನಾಯಿಗೆ ಎಂದು ಮೊದಲೇ ಹೇಳಲಾಗದು. ಚಾಕೊಲೇಟಿನ ಥಿಯೊಬ್ರೊಮಿನ್ ಹೃದಯ ಮತ್ತು ನರಗಳನ್ನು ಕೆರಳಿಸುತ್ತದೆ. ಕ್ಸೈಲಿಟಾಲ್ ಸಕ್ಕರೆ ರಹಿತ ಚೂಯಿಂಗ್ ಗಮ್ಮಿನಲ್ಲೂ ಕೆಲವು ಪೀನಟ್ ಬಟರ್‌ನಲ್ಲೂ ಇರುತ್ತದೆ. ನಾಯಿಯ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸುತ್ತದೆ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ.

ಉಪ್ಪು, ಬೆಲ್ಲ, ಸಕ್ಕರೆ ಬೇಕೇ ಇಲ್ಲ. ರುಚಿ ನಮ್ಮ ನಾಲಿಗೆಯ ಲೆಕ್ಕದಲ್ಲಿ ನೋಡೋದು ಬೇಡ. ನಾಯಿ ಮೂಗಿನಿಂದ ಉಣ್ಣುವ ಪ್ರಾಣಿ. ಅದಕ್ಕೆ ಹುರಿದ ಶೇಂಗಾದ ಘಮ ಸಾಕು.

ಸಾಮಗ್ರಿ

- ಬಿಳಿಜೋಳದ ಹಿಟ್ಟು: 200 ಗ್ರಾಂ
- ಪುಟಾಣಿ ಹಿಟ್ಟು: 50 ಗ್ರಾಂ
- ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿದ ಒಳ್ಳೆ ಶೇಂಗಾ: 30 ಗ್ರಾಂ
- ತತ್ತಿ: 1
- ಬೇಯಿಸಿ ಹಿಸುಕಿದ ಸಿಹಿ ಕುಂಬಳಕಾಯಿ: 100 ಗ್ರಾಂ
- ಕುದಿಯುವ ನೀರು: 100 ಮಿ.ಲೀ.

ತತ್ತಿ ಬೇಡ ಎನ್ನುವ ಮನೆಯವರು ಅದರ ಬದಲು ಎರಡು ಚಮಚ ಮೊಸರು ಹಾಕಬಹುದು. ಕುಂಬಳ ಸಿಗದಿದ್ದರೆ ಬೇಯಿಸಿದ ಗಜ್ಜರಿ ನಡೆಯುತ್ತದೆ.

ಮಾಡುವ ಬಗೆ

1. ಪರಾತದಲ್ಲಿ ಜೋಳದ ಹಿಟ್ಟು ಹಾಕಿ ನಡುವೆ ಕುಳಿ ಮಾಡಿ. ಕುದಿಯುವ ನೀರು ಸುರಿದು ಚಮಚದಿಂದ ಕಲಸಿ, 10 ನಿಮಿಷ ಮುಚ್ಚಿಡಿ.
2. ಕೈಗೆ ಹಿಡಿಸುವಷ್ಟು ಆರಿದ ಮೇಲೆ ಉಳಿದದ್ದೆಲ್ಲ ಸೇರಿಸಿ ನಾದಿ. ಬಿಸಿ ಇರುವಾಗಲೇ ತತ್ತಿ ಹಾಕಿದರೆ ಅಲ್ಲೇ ಬೆಂದು ಗಂಟಾಗುತ್ತದೆ.
3. ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ ಅಥವಾ ತಟ್ಟಿ, ಚಾಕುವಿನಿಂದ 60 ಸಮ ತುಂಡು ಮಾಡಿ. ಮೂಳೆ ಆಕಾರ ಬೇಕೆನ್ನುವುದು ನಮಗೆ, ನಾಯಿಗಲ್ಲ.
4. ಓವನ್ ಇದ್ದರೆ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ನಿಮಿಷ ಬೇಯಿಸಿ. ಆಮೇಲೆ 100 ಡಿಗ್ರಿಗೆ ಇಳಿಸಿ ಒಂದರಿಂದ ಒಂದೂವರೆ ತಾಸು ಒಣಗಿಸಿ.
5. ಓವನ್ ಇಲ್ಲದಿದ್ದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಬೇಯಿಸಿ, ನಂತರ ಖಡಕ್ ರೊಟ್ಟಿಯಂತೆ ಕೆಂಡದ ಬಿಸಿಗೆ ಇಟ್ಟು ಒಣಗಿಸಿ. ಊರಿನ ಬೇಕರಿಯವರು ಪರಿಚಯ ಇದ್ದರೆ, ಬ್ರೆಡ್ ತೆಗೆದ ಮೇಲೆ ಆರುತ್ತಿರುವ ಒಲೆಯಲ್ಲಿ ಒಂದು ತಟ್ಟೆ ಇಡಲು ಕೇಳಿ ನೋಡಿ.

ಹಸಿ ಕಣಕ ನಾಯಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಯೀಸ್ಟ್ ಹಾಕಿದ ಕಣಕವಂತೂ ಹೊಟ್ಟೆಯಲ್ಲೇ ಹುದುಗಿ ಉಬ್ಬುತ್ತದೆ.

ಒಣಗಿತೋ ಇಲ್ಲವೋ: ತಕ್ಕಡಿ ಹೇಳಲಿ

ಮುರಿದು ‘ಟಕ್’ ಎಂದರೆ ಆಯಿತು ಅನ್ನುವುದು ಅನುಭವ. ನಾವು ಎಂಜಿನಿಯರಿಂಗ್‌ನವರು, ಒಂದು ಮಾಸ್ ಬ್ಯಾಲೆನ್ಸ್ ಬರೆಯೋಣ.

ಒಟ್ಟು ಕಣಕ 530 ಗ್ರಾಂ (ತತ್ತಿ 50 ಗ್ರಾಂ ಎಂದು ಹಿಡಿದು). ಅದರಲ್ಲಿ ನೀರೆಷ್ಟು? ಹಾಕಿದ ನೀರು 100, ಕುಂಬಳದ್ದು 90, ತತ್ತಿಯದ್ದು 37, ಹಿಟ್ಟು ಮತ್ತು ಶೇಂಗಾದ ಸಹಜ ತೇವ 27. ಒಟ್ಟು 254. ಉಳಿದ ಘನ ಪದಾರ್ಥ 276 ಗ್ರಾಂ. ಕೊನೆಗೆ ಬಿಸ್ಕತ್ತಿನಲ್ಲಿ ಶೇ. 10 ತೇವ ಇರಬೇಕು ಎಂದಾದರೆ ತೂಕ 276 ÷ 0.9, ಅಂದರೆ ಸುಮಾರು 307 ಗ್ರಾಂ. ತಕ್ಕಡಿ 307 ಅಥವಾ ಅದಕ್ಕಿಂತ ಕಡಿಮೆ ತೋರಿಸುವ ತನಕ ಒಣಗಿಸಿ. 350ರಲ್ಲೇ ನಿಲ್ಲಿಸಿದರೆ ಒಳಗೆ ಶೇ. 21 ನೀರು ಉಳಿದಿದೆ ಎಂದರ್ಥ. ಹೊರಗೆ ಎಷ್ಟೇ ಕೆಂಪಗೆ ಕಂಡರೂ ಅದಕ್ಕೆ ಬೂಷ್ಟು ಬರುತ್ತದೆ.

ಇದರ ಹಿಂದಿನ ತತ್ವ ‘ನೀರಿನ ಚಟುವಟಿಕೆ’. ಶುದ್ಧ ನೀರಿಗೆ ಅದು 1. ಆಹಾರದಲ್ಲಿ ಅದು 0.6ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾ, ಶಿಲೀಂಧ್ರ ಯಾವುದೂ ಬೆಳೆಯಲಾರದು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದಿರುವ ಗುಟ್ಟು ಇದೇ.

ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಬಿಸಿಯಾಗಿರುವಾಗಲೇ ಮುಚ್ಚಿದರೆ ಆವಿ ಒಳಗೇ ನೀರಾಗುತ್ತದೆ. ಮಳೆಗಾಲದಲ್ಲಿ ಮೆತ್ತಗಾದರೆ ಮತ್ತೊಮ್ಮೆ ಬಿಸಿ ಮಾಡಬಹುದು. ಒಂದೇ ಒಂದು ತುಂಡಿನಲ್ಲಿ ಬೂಷ್ಟು ಕಂಡರೂ ಇಡೀ ಡಬ್ಬಿ ಕಸಕ್ಕೆ.

ಎಷ್ಟು ಕೊಡಬೇಕು

ಪಶುವೈದ್ಯರ ಸಾಮಾನ್ಯ ನಿಯಮ: ತಿನಿಸಿನಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10 ಮೀರಬಾರದು. ಉಳಿದ 90 ಸಮತೋಲನದ ಊಟದಿಂದ ಬರಬೇಕು. ಈ ಬಿಸ್ಕತ್ತು ಊಟವಲ್ಲ. ಇದರಲ್ಲಿ ನಾಯಿಗೆ ಬೇಕಾದಷ್ಟು ಕ್ಯಾಲ್ಸಿಯಂ ಇಲ್ಲ, ಪ್ರೋಟೀನೂ ಸಾಲದು.

ವಿಶ್ರಾಂತಿಯಲ್ಲಿರುವ ನಾಯಿಗೆ ಬೇಕಾದ ಶಕ್ತಿಯ ಸೂತ್ರ: 70 × (ಕೆ.ಜಿ.ಯಲ್ಲಿ ತೂಕ)ದ 0.75 ಘಾತ. ಸಾದಾ ಕ್ಯಾಲ್ಕ್ಯುಲೇಟರಿನಲ್ಲಿ ತೂಕದ ಘನ ಮಾಡಿ, ಎರಡು ಸಲ ವರ್ಗಮೂಲ ತೆಗೆಯಿರಿ, 70ರಿಂದ ಗುಣಿಸಿ. ಸಂತಾನಹರಣ ಆದ ವಯಸ್ಕ ನಾಯಿಯ ದಿನದ ಅಗತ್ಯಕ್ಕೆ ಅದನ್ನು 1.6ರಿಂದ ಗುಣಿಸುತ್ತಾರೆ.

16 ಕೆ.ಜಿ. ಬೀದಿ ನಾಯಿ: ಘನ 4096, ವರ್ಗಮೂಲ 64, ಮತ್ತೆ 8. 70 × 8 = 560. 1.6ರಿಂದ ಗುಣಿಸಿದರೆ 896 ಕಿಲೋ ಕ್ಯಾಲರಿ. ಅದರ ಶೇ. 10 ಅಂದರೆ 90.

ನಮ್ಮ ಬಿಸ್ಕತ್ತಿನ ಲೆಕ್ಕ: ಜೋಳ 700, ಪುಟಾಣಿ 190, ಶೇಂಗಾ 170, ತತ್ತಿ 70, ಕುಂಬಳ 25. ಒಟ್ಟು 1155, 60 ತುಂಡಿಗೆ ಹಂಚಿದರೆ ಒಂದಕ್ಕೆ 19. ಹಾಗಾಗಿ ದಿನಕ್ಕೆ ನಾಲ್ಕು. 25 ಕೆ.ಜಿ. ಮುಧೋಳ ನಾಯಿಗೆ ಇದೇ ಲೆಕ್ಕದಲ್ಲಿ ಆರು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಮ್ಮ ಮುಧೋಳದ ಚೆಲುವೇ ಅದರ ತೆಳ್ಳನೆ ಸೊಂಟ. ಪ್ರೀತಿ ಹೆಚ್ಚಾಗಿ ಅದನ್ನು ಕೆಡಿಸಬೇಡಿ.

ಮೊದಲ ದಿನ ಒಂದೇ ತುಂಡು ಕೊಟ್ಟು ವಾಂತಿ, ಭೇದಿ, ತುರಿಕೆ ಇದೆಯೇ ನೋಡಿ. ಮರಿಗಳಿಗೆ, ಮುದಿ ನಾಯಿಗಳಿಗೆ ನೀರಲ್ಲಿ ನೆನೆಸಿ ಕೊಡಿ. ಕಾಯಿಲೆ ಇರುವ ನಾಯಿಗೆ ಪಶುವೈದ್ಯರನ್ನು ಕೇಳದೆ ಏನೂ ಬೇಡ. ಹಾಸ್ಟೆಲ್ ಬಾಗಿಲಲ್ಲಿ, ಮಕ್ಕಳು ಓಡಾಡುವಲ್ಲಿ ಹಾಕುವುದೂ ಬೇಡ. ಜನಸಂಚಾರ ಕಡಿಮೆ ಇರುವ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ನಿತ್ಯ ತಿನಿಸು ಕೊಡುವ ನಾಯಿ ನಿಮ್ಮನ್ನು ನಂಬಿ ಹತ್ತಿರ ಬರುತ್ತದೆ. ಆ ನಂಬಿಕೆ ಬಳಸಿ ಅದಕ್ಕೆ ರೇಬಿಸ್ ಲಸಿಕೆ ಹಾಕಿಸಿದರೆ ಬಿಸ್ಕತ್ತಿನ ಶ್ರಮ ನಿಜವಾಗಿ ಸಾರ್ಥಕ.

ಅಭ್ಯಾಸ

1. 9 ಕೆ.ಜಿ. ನಾಯಿಗೆ ದಿನಕ್ಕೆ ಎಷ್ಟು ತುಂಡು? (ಉತ್ತರ: 3)
2. 530 ಗ್ರಾಂ ಕಣಕ 307 ಗ್ರಾಂಗೆ ಇಳಿಯಲು 223 ಗ್ರಾಂ ನೀರು ಆವಿಯಾಗಬೇಕು. ಆವಿಯಾಗುವ ಗುಪ್ತೋಷ್ಣ ಕೆ.ಜಿ.ಗೆ 2257 ಕಿಲೋಜೂಲ್. ಬೇಕಾದ ಶಕ್ತಿ ಎಷ್ಟು? (ಉತ್ತರ: ಸುಮಾರು 500 ಕಿಲೋಜೂಲ್, ಅಂದರೆ 0.14 ಯೂನಿಟ್ ಕರೆಂಟು.)
3. ನಿಮ್ಮ ಓವನ್ ಇದಕ್ಕಿಂತ ಎಷ್ಟು ಪಟ್ಟು ಹೆಚ್ಚು ಕರೆಂಟು ತಿಂದಿತು? ಆ ಉಳಿದ ಬಿಸಿ ಎಲ್ಲಿಗೆ ಹೋಯಿತು? ಆರುತ್ತಿರುವ ಕೆಂಡದ ಮುಂದೆ ರೊಟ್ಟಿ ನಿಲ್ಲಿಸುವವರ ಜಾಣತನವನ್ನು ಇದರ ಪಕ್ಕದಲ್ಲಿಟ್ಟು ಬರೆಯಿರಿ.